ಬೆಂಗಳೂರಿನಲ್ಲಿ ಹೈನು ಕಲಿತ ಬಾಪೂಜಿ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಮಹಾತ್ಮ ಗಾಂಧೀಜಿಯವರನ್ನು ನೆನೆಯುವುದು ಉಚಿತ. ಚರಕ, ಉಪ್ಪಿನ ಸತ್ಯಾಗ್ರಹ ಎಲ್ಲರಿಗೂ ಗೊತ್ತು. ಆದರೆ ಅವರು ಬೆಂಗಳೂರಿನಲ್ಲೇ ಹೈನುಗಾರಿಕೆಯ ಪಾಠ ಹೇಳಿಸಿಕೊಂಡರು ಅನ್ನೋದು ಬಹಳ ಮಂದಿಗೆ ತಿಳಿಯದು.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಗಾಂಧೀಜಿ ಬ್ಯಾರಿಸ್ಟರ್ ಓದಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿ 1912ರಲ್ಲಿ ಹಾಲು ಕುಡಿಯುವುದನ್ನೇ ಬಿಟ್ಟರು. ಕಲ್ಕತ್ತೆಯ ಗೌಳಿಗರು ಹಸು ಎಮ್ಮೆಗಳ ಕೆಚ್ಚಲಿನಿಂದ ಕೊನೇ ತೊಟ್ಟನ್ನೂ ಇಳಿಸಲು ಮಾಡುತ್ತಿದ್ದ ‘ಫೂಕಾ’ ಎಂಬ ಹಿಂಸೆಯ ವಿಚಾರ ಓದಿದ್ದು ಅದಕ್ಕೊಂದು ಕಾರಣ. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಆಮಶಂಕೆ ಬಂದು ಜೀವಕ್ಕೇ ಕುತ್ತಾಯಿತು. ವೈದ್ಯರು ಹಾಲು ಬೇಕೇ ಬೇಕೆಂದರು. ವ್ರತ ಹಸು, ಎಮ್ಮೆ ಹಾಲಿಗೆ ತಾನೇ, ಮೇಕೆ ಹಾಲಾದರೆ ಆದೀತು ಎಂದು ಕಸ್ತೂರಬಾ ದಾರಿ ತೋರಿಸಿದರು. ಅಂದಿನಿಂದ ಮೇಕೆ ಹಾಲೇ ಅವರ ಆಹಾರವಾಯಿತು. ಮಾತು ಉಳಿಯಿತು, ಮಾತಿನ ಒಳಗಿನ ಆಶಯ ಕೆಟ್ಟಿತು ಎಂಬ ಕೊರಗು ಮಾತ್ರ ಅವರನ್ನು ಬಿಡಲಿಲ್ಲ.

1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದಾಗ ಅಲ್ಲೇ ಗೋರಕ್ಷಣಾ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು. ಪೂಜೆ, ಜಗಳಗಳಿಂದ ಹಸು ಉಳಿಯದು. ಒಳ್ಳೆ ಮೇವು, ಒಳ್ಳೆ ತಳಿ, ಹೆಚ್ಚು ಹಾಲು, ಸತ್ತ ದನದ ತೊಗಲಿಗೂ ಬೆಲೆ ಸಿಗುವ ವ್ಯವಸ್ಥೆ ಬೇಕು. ಸಾಕಿದವನಿಗೆ ಹಸು ಹೊರೆಯಾಗಬಾರದು. ಇದು ಅವರ ನಿಲುವು.

1927ರಲ್ಲಿ ರಕ್ತದೊತ್ತಡದಿಂದ ಬಳಲಿದ ಬಾಪೂ ನಂದಿಬೆಟ್ಟದಲ್ಲಿ ಸುಧಾರಿಸಿಕೊಂಡು, ಜೂನ್‌ನಲ್ಲಿ ಬೆಂಗಳೂರಿನ ಕುಮಾರಕೃಪಾಕ್ಕೆ ಬಂದರು. ವಿಶ್ವೇಶ್ವರಪುರಂನಿಂದ ಲಾಲ್‌ಬಾಗ್ ದಾಟಿ ಹೊಸೂರು ರಸ್ತೆಗೆ ಹೋದರೆ ಆಡುಗೋಡಿಯಲ್ಲಿ ಒಂದು ದೊಡ್ಡ ಹೈನು ಸಂಸ್ಥೆ ಇದೆ. 1923ರಲ್ಲಿ ಶುರುವಾದ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನು ಸಂಸ್ಥೆ ಇದೇ. ಐವತ್ತೇಳರ ವಯಸ್ಸಿನ ಗಾಂಧೀಜಿ, ಪಂಡಿತ ಮದನಮೋಹನ ಮಾಳವೀಯರೂ ಜೊತೆಗೆ, ಸುಮಾರು ಹದಿನೈದು ದಿನ ಇಲ್ಲಿ ದನಸಾಕಣೆ ಕಲಿತರು. ಪಾಠ ಹೇಳಿದವರು ವಿಲಿಯಂ ಸ್ಮಿತ್ ಎಂಬ ತಜ್ಞರು. ಸಂದರ್ಶಕರ ಪುಸ್ತಕದಲ್ಲಿ ಬಾಪೂ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರು. ದೇಶವೇ ಕೈಮುಗಿಯುವ ಮನುಷ್ಯ ಕೊಟ್ಟಿಗೆ ಮುಂದೆ ವಿದ್ಯಾರ್ಥಿಯಾಗಿ ನಿಂತದ್ದು ಸಣ್ಣ ಮಾತಲ್ಲ. 1955ರಲ್ಲಿ ಸಂಸ್ಥೆಯ ಕೇಂದ್ರ ಕರ್ನಾಲ್‌ಗೆ ಹೋಯಿತು. ಬೆಂಗಳೂರಿನದು ದಕ್ಷಿಣ ಪ್ರಾದೇಶಿಕ ಕೇಂದ್ರವಾಯಿತು.

1942ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಅವರು ಮತ್ತೊಂದು ಹೆಜ್ಜೆ ಮುಂದೆ ಹೋದರು. ಒಬ್ಬೊಬ್ಬ ರೈತನೂ ಇಕ್ಕಟ್ಟಿನ ಮನೆಯಲ್ಲಿ ದನ ಕಟ್ಟಿ ಸರಿಯಾಗಿ ಸಾಕಲಾರ, ಊರವರು ಸೇರಿ ಸಹಕಾರಿ ಪದ್ಧತಿಯಲ್ಲಿ ಸಾಕಬೇಕು ಎಂಬುದು ಅವರ ಸಲಹೆ. 1948ರ ಜನವರಿ 30ರಂದು ಅವರು ನಮ್ಮನ್ನು ಅಗಲಿದರು.

ಹಾಲು ಯಾರದು, ಕರುವಿನದೋ ಡಬ್ಬಿಯದೋ? ಬಾಪೂ ಅವರನ್ನು ಕಾಡಿದ ಈ ಪ್ರಶ್ನೆ ಇವತ್ತು ನಮ್ಮ ಕೊಟ್ಟಿಗೆಯಲ್ಲೂ ಇದೆ. ಹೆಣ್ಣು ಕರುವಾದರೆ ಸಂತೋಷ, ಗಂಡಾದರೆ ಅಯ್ಯೋ ಅಂತೀವಿ. ಪರದೇಶಗಳಲ್ಲಿ ಹಾಲಿಗಾಗಿ ಕುರಿ ಸಾಕುವವರು ಮರಿಯನ್ನು ಬೇಗ ತಾಯಿಯಿಂದ ಅಗಲಿಸಿ, ಹಾಲಿನ ಪುಡಿ ಕಲಸಿ ಕುಡಿಸಿ ಮಾಂಸಕ್ಕೆ ಬೆಳೆಸುತ್ತಾರೆ. ಗಾಂಧೀಜಿ ಶಾಕಾಹಾರಿ, ಅದು ಅವರ ದಾರಿಯಲ್ಲ. ಆದರೂ ಕೈಯಲ್ಲಿ ಮರಿ ಬೆಳೆಸುವ ಕ್ರಮ ಕರುವಿಗೂ ಕುರಿಮರಿಗೂ ಹೆಚ್ಚುಕಡಿಮೆ ಒಂದೇ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಲೇಬೇಕು. ರೋಗ ತಡೆಯುವ ಶಕ್ತಿ ಅದರಲ್ಲೇ ಇರೋದು. ಮನೆಯವರ ಗಿಣ್ಣು ಆಮೇಲೆ. ಆಮೇಲೆ ಕರುವಿಗೆ ದಿನಕ್ಕೆ ಮೈತೂಕದ ಹತ್ತರಲ್ಲೊಂದು ಪಾಲಿನಷ್ಟು ಹಾಲನ್ನು ಉಗುರುಬೆಚ್ಚಗೆ, ತೊಳೆದ ಪಾತ್ರೆಯಲ್ಲಿ, ಎರಡು ಮೂರು ಸಲ ಹಂಚಿ ಕೊಡಬೇಕು. ಎರಡನೇ ವಾರದಿಂದ ಹಿಂಡಿ, ಎಳೆ ಹುಲ್ಲು ರುಚಿ ತೋರಿಸಿದರೆ ಹೊಟ್ಟೆ ಬಲಿತು ಹಾಲಿನ ಖರ್ಚು ಬೇಗ ತಗ್ಗುತ್ತದೆ.

ಒಬ್ಬನಿಗೆ ಭಾರವಾದದ್ದು ಸಂಘಕ್ಕೆ ಹಗುರ. ತಾಯಿ ಸತ್ತ ಕರು, ಬೇಡವಾದ ಗಂಡು ಕರುಗಳ ಪಾಲನೆಗೆ ಊರವರು ಒಟ್ಟಾಗಿ ಒಂದು ಕೊಟ್ಟಿಗೆ ಮಾಡುವ ವಿಚಾರವನ್ನು ಮುಂದಿನ ಮಹಾಸಭೆಯಲ್ಲಿ ಎಲ್ಲರೂ ಕೂತು ಚರ್ಚಿಸೋಣ. ಬೆಳ್ಳಿಹಬ್ಬಕ್ಕೆ ಬಾಪೂಜಿಯವರ ಹೆಸರಿನಲ್ಲಿ ಮಾಡಬಹುದಾದ ಕೆಲಸ ಇದೇ.