ಮನೆಮಾತು ತುಳು, ಶಾಲೆಮಾತು ಕನ್ನಡ: ಪಂಜೆ ಮಾಸ್ತರರು ತುಳಿದ ಹಾದಿ

ಪುತ್ತೂರು: ಇಂದು ಪುತ್ತೂರು, ಸುಳ್ಯ, ಕಡಬ ಎಂದು ಮೂರು ತಾಲೂಕುಗಳಾಗಿ ಹಂಚಿಹೋಗಿರುವ ಈ ಸೀಮೆಯಲ್ಲಿ ಒಂದನೇ ತರಗತಿಯ ಕೋಣೆಗೆ ಹಲವು ಮನೆಮಾತುಗಳು ಬಂದು ಕೂರುತ್ತವೆ. ತುಳು, ಅರೆಭಾಷೆ, ಬ್ಯಾರಿ, ಕೊಂಕಣಿ, ಮಲಯಾಳ, ಹವ್ಯಕ ಕನ್ನಡ. ಪಠ್ಯಪುಸ್ತಕದ ಕನ್ನಡ ಇವುಗಳಲ್ಲಿ ಯಾವುದೂ ಅಲ್ಲ. ಮನೆಯಲ್ಲಿ ‘ಉಚ್ಚು’ ಎಂದು ಕರೆದದ್ದನ್ನು ಶಾಲೆಯಲ್ಲಿ ಹಾವು ಎನ್ನಬೇಕು. ‘ಇಲ್ಲ್’ ಎಂಬುದು ಮನೆಯಾಗಬೇಕು. ಮಹಾಪ್ರಾಣವಿಲ್ಲದ ತುಳುವಿನಲ್ಲಿ ಬೆಳೆದ ನಾಲಗೆಗೆ ಖ, ಘ, ಛಗಳನ್ನು ರೂಢಿಸಬೇಕು. ಮಗುವಿನ ಮಟ್ಟಿಗೆ ಅದು ಪರಭಾಷೆಯೇ. ಅದನ್ನು ಕಲಿಸುವ ಮಾಸ್ತರರನ್ನು ಸಿದ್ಧಪಡಿಸುವುದು ಬೇರೆಯೇ ಒಂದು ವಿದ್ಯೆ ಎಂಬುದನ್ನು ನೂರು ವರ್ಷಗಳಿಗೂ ಹಿಂದೆ ಅರಿತವರು ಪಂಜೆ ಮಂಗೇಶರಾಯರು.

ರಾಯರ ಹಿರಿಯರು ಸುಬ್ರಹ್ಮಣ್ಯಕ್ಕೆ ಸಮೀಪದ ಪಂಜದವರು. ಅಲ್ಲಿಂದ ಬಂಟ್ವಾಳಕ್ಕೆ ಬಂದು ನೆಲೆಸಿದ ಮೇಲೂ ಮನೆತನಕ್ಕೆ ಊರಿನ ಹೆಸರೇ ಉಳಿಯಿತು. ರಾಮಪ್ಪಯ್ಯ, ಸೀತಮ್ಮ ದಂಪತಿಯ ಮಗನಾಗಿ 1874ರ ಫೆಬ್ರವರಿ 22ರಂದು ಜನಿಸಿದ ಮಂಗೇಶರಾಯರ ಮನೆಮಾತು ಕೊಂಕಣಿ, ಕೇರಿಯ ಮಾತು ತುಳು. ಕನ್ನಡವನ್ನು ಅವರೂ ಶಾಲೆಯಲ್ಲಿ ಕೂತು ದುಡಿದು ಗಳಿಸಿದವರು. ಮುಂದೆ ಆಧುನಿಕ ಕನ್ನಡ ಶಿಶುಸಾಹಿತ್ಯಕ್ಕೆ ತಳಹದಿ ಹಾಕಿದವರು ಕನ್ನಡೇತರ ಮನೆಯ ಮಗು ಎಂಬುದನ್ನು ಕೇವಲ ಕಾಕತಾಳೀಯ ಎನ್ನಲಾಗದು. ಕಲಿಯುವವನು ಎಲ್ಲಿ ಎಡವುತ್ತಾನೆಂಬುದು ತಾನು ಎಡವಿದವನಿಗೆ ತಿಳಿದಿರುತ್ತದೆ.

ಬಡತನ ಬೆನ್ನಿಗಿತ್ತು. ಮಂಗಳೂರಿನಲ್ಲಿ ಓದು ಮುಂದುವರಿಸುತ್ತಲೇ ದುಡಿಮೆಗೆ ಇಳಿದ ಅವರು ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಬಳಿಕ ಶಿಕ್ಷಣ ವೃತ್ತಿಯ ಎಲ್.ಟಿ. ಪದವಿ ಪಡೆದು ಶಾಲೆಗಳ ಇನ್ಸ್‌ಪೆಕ್ಟರಾದರು. ಮಂಗಳೂರಿನ ಶಿಕ್ಷಕರ ತರಬೇತಿ ಶಾಲೆಯಲ್ಲೂ ಪಾಠ ಹೇಳಿದರು.

ಆ ಕಾಲದಲ್ಲಿ ಹಳ್ಳಿ ಶಾಲೆಗೆ ಇನ್ಸ್‌ಪೆಕ್ಟರ್ ಬರುತ್ತಾರೆಂದರೆ ಮಾಸ್ತರರಿಗೆ ಮಕ್ಕಳಿಗಿಂತ ಹೆಚ್ಚಿನ ನಡುಕ. ಖಾಸಗಿ ಶಾಲೆಯ ಅನುದಾನ ಅವರ ವರದಿಯನ್ನು ಅವಲಂಬಿಸಿರುತ್ತಿತ್ತು. ಪಂಜೆಯವರು ಬಂದಾಗ ನಡೆಯುತ್ತಿದ್ದುದು ಬೇರೆ. ಅವರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕತೆ ಹೇಳುತ್ತಿದ್ದರು, ಹಾಡು ಹೇಳಿಕೊಡುತ್ತಿದ್ದರು. ತಪಾಸಣೆಯೇ ಮಾದರಿ ಪಾಠವಾಗುತ್ತಿತ್ತು. ಬೋಧನಕ್ರಮದ ಉಪನ್ಯಾಸಕ್ಕಿಂತ ಮೂಲೆಯಲ್ಲಿ ನಿಂತು ನೋಡುತ್ತಿದ್ದ ಮಾಸ್ತರರಿಗೆ ಇದರಿಂದ ದೊರೆತ ತರಬೇತಿ ಹೆಚ್ಚಿನದೆಂದೇ ಹೇಳಬೇಕು.

ಆದರೆ ಹೇಳಿಕೊಡಲು ಸಾಮಗ್ರಿ ಎಲ್ಲಿತ್ತು? ಹಳಗನ್ನಡದ ಭಾರ ಹೊತ್ತ ಪದ್ಯಗಳು ಏಳು ವರ್ಷದ ತುಳು ಮಗುವಿಗೆ ದಕ್ಕುವಂತಿರಲಿಲ್ಲ. ಹಾಗಾಗಿ ರಾಯರು ತಾವೇ ಬರೆಯತೊಡಗಿದರು. ಹಾವಿನ ಹಾಡಿನಲ್ಲಿ ಪುಟ್ಟ ಪುಟ್ಟ ಸಾಲುಗಳು, ಮರಳಿ ಮರಳಿ ಬರುವ ಪ್ರಾಸ, ಎದುರಿಗಿರುವ ಪ್ರಾಣಿಯನ್ನು ಕರೆದು ಮಾತಾಡಿಸುವ ಧಾಟಿ. ತೆಂಕಣ ಗಾಳಿಯಾಟದಲ್ಲಿ ಕರಾವಳಿಯ ಗಾಳಿಯ ಸದ್ದೇ ಪದಗಳಾಗಿ ಬೀಸುತ್ತದೆ. ಅರ್ಥ ತಿಳಿಯುವ ಮೊದಲೇ ಕಿವಿಗೆ ಹಿಡಿಸುವ, ಕೈಕಾಲು ಆಡಿಸಿ ಹೇಳಬಹುದಾದ ಪದ್ಯಗಳಿವು. ಹೇನು ಸತ್ತು ಕಾಗೆ ಬಡವಾಯಿತು ಎಂಬ ಕತೆಯಲ್ಲಿ ಒಂದರ ಹಿಂದೊಂದು ಘಟನೆ ಪೋಣಿಸಿಕೊಂಡು ಹೋಗುತ್ತದೆ. ಒಂದೇ ಬಗೆಯ ವಾಕ್ಯ ಮತ್ತೆ ಮತ್ತೆ ಬಂದು, ವ್ಯಾಕರಣದ ಹೆಸರೆತ್ತದೆ ವ್ಯಾಕರಣ ನಾಲಗೆಗೆ ಇಳಿಯುತ್ತದೆ. ಕವಿಶಿಷ್ಯ ಎಂಬ ಹೆಸರಿನಲ್ಲಿ ಬರೆದ ಇವರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನೂ ಕಟ್ಟಿದರು. ಇಷ್ಟಾಗಿಯೂ ಶಾಸ್ತ್ರವನ್ನು ಬಿಟ್ಟವರಲ್ಲ. ಕಿಟೆಲ್ ಸಂಪಾದಿಸಿದ್ದ ಶಬ್ದಮಣಿದರ್ಪಣವನ್ನು 1920ರಲ್ಲಿ ಪರಿಷ್ಕರಿಸಿದವರು ಇವರೇ.

1924ರ ‘ಕೋಟಿ ಚೆನ್ನಯ’ ಈ ನಾಡಿಗೆ ಇನ್ನಷ್ಟು ಹತ್ತಿರದ್ದು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿದ್ದ ತುಳು ಪಾಡ್ದನವನ್ನು ರಾಯರು ಕನ್ನಡ ಗದ್ಯಕ್ಕೆ ತಂದರು. ಪುತ್ತೂರಿನ ಪಡುಮಲೆ, ಹಿರಿಯರ ಊರಾದ ಪಂಜ, ಅವಳಿ ವೀರರು ಮಡಿದ ಎಣ್ಮೂರು, ಎಲ್ಲವೂ ಅದರಲ್ಲಿವೆ. ಅಜ್ಜಿಯ ಬಾಯಲ್ಲಿ ತುಳುವಿನಲ್ಲಿ ಕೇಳಿದ್ದ ಕತೆಯನ್ನು ಮಗು ಈಗ ಕನ್ನಡದಲ್ಲಿ ಓದಬಹುದಾಯಿತು. ಗೊತ್ತಿರುವ ಕತೆ, ಗೊತ್ತಿಲ್ಲದ ಭಾಷೆ. ಪರಭಾಷೆ ಕಲಿಸಲು ಇದಕ್ಕಿಂತ ಸುಲಭದ ಏಣಿ ಸಿಗುವುದು ಕಷ್ಟ.

ಮುಂದೆ ಕೊಡಗಿಗೆ ಹೋದ ರಾಯರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅಲ್ಲಿಯೂ ಮಕ್ಕಳ ಮನೆಮಾತು ಬೇರೆ: ಕೊಡವ, ಅರೆಭಾಷೆ. ಆ ನಾಡಿನ ಹಬ್ಬವನ್ನೇ ಎತ್ತಿಕೊಂಡು ಬರೆದ ಹುತ್ತರಿಯ ಹಾಡು ಇಂದಿಗೂ ಕೊಡಗಿನಲ್ಲಿ ಜನಪ್ರಿಯ.

ಇಂಥದೇ ಸವಾಲು ಹೊಸ ವೇಷದಲ್ಲಿ ಮರಳಿತು. 2007–08ರಲ್ಲಿ ರಾಜ್ಯದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಾಗ, ಕನ್ನಡದಲ್ಲೇ ಓದಿ ಬಂದ ಶಿಕ್ಷಕರು ತಾವೇ ಸರಾಗವಾಗಿ ಆಡದ ಭಾಷೆಯನ್ನು ಕಲಿಸಬೇಕಾಯಿತು. ಬೆಂಗಳೂರಿನಲ್ಲಿ 1963ರಿಂದ ಇರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರಿಗೆ ತರಬೇತಿ ನೀಡುತ್ತ ಬಂದಿದೆ. ಪ್ರಾಸಗೀತೆ, ಅಭಿನಯ, ಕತೆ ಎಂದು ಇಂದಿನ ತರಬೇತಿಗಳಲ್ಲಿ ಹೇಳುವುದೆಲ್ಲ ಪಂಜೆಯವರಿಗೆ ಹೊಸತಾಗಿರಲಿಲ್ಲ. ಆದರೆ ತಮ್ಮ ಕೈಯಾರೆ ಪಾಠ ಬರೆದುಕೊಳ್ಳುವ ಸ್ವಾತಂತ್ರ್ಯ ಅವರಿಗಿತ್ತು. ಇಂದಿನ ಶಿಕ್ಷಕರ ಕೈಗೆ ಬರುವುದು ಸಿದ್ಧಪುಸ್ತಕ.

1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಪಂಜೆಯವರಿಗೆ ದೊರೆಯಿತು. ಮಕ್ಕಳಿಗಾಗಿ ಬರೆದವರಿಗೆ ಅಂಥ ಗೌರವ ಸಲ್ಲುವುದು ಅಪರೂಪ. ಮೂರು ವರ್ಷಗಳ ಬಳಿಕ, 1937ರ ಅಕ್ಟೋಬರಿನಲ್ಲಿ, ಹೈದರಾಬಾದಿನಲ್ಲಿ ನ್ಯುಮೋನಿಯಾದಿಂದ ಅವರು ತೀರಿಕೊಂಡರು. ಆಗ ಅವರಿಗೆ 63 ವರ್ಷ.