ಕಂಡಿದ್ದೇ ಒಂದು, ಪೇಪರಿನಲ್ಲಿ ಬಂದಿದ್ದೇ ಒಂದು

ಬಿಹಾರದ ಮೋತಿಹಾರಿ ಎಂದ ಕೂಡಲೇ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ನೆನಪಾಗುವುದು ಗಾಂಧೀಜಿ ಮತ್ತು 1917ರ ಚಂಪಾರಣ್ ಸತ್ಯಾಗ್ರಹ. ಅದಕ್ಕೂ ಹದಿನಾಲ್ಕು ವರ್ಷ ಮೊದಲು, 1903ರ ಜೂನ್ 25ರಂದು, ಅದೇ ಊರಿನಲ್ಲಿ ಎರಿಕ್ ಆರ್ಥರ್ ಬ್ಲೇರ್ ಎಂಬ ಇಂಗ್ಲಿಷ್ ಮಗು ಹುಟ್ಟಿತು. ಅಪ್ಪ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯಲ್ಲಿ ನೌಕರ. ಮಗುವಿಗೆ ಒಂದು ವರ್ಷವಾಗುವ ಹೊತ್ತಿಗೆ ತಾಯಿ ಅದನ್ನು ಎತ್ತಿಕೊಂಡು ಇಂಗ್ಲೆಂಡಿಗೆ ಹೋದಳು. ಮುಂದೆ ಆ ಹುಡುಗನೇ ಜಾರ್ಜ್ ಆರ್ವೆಲ್ ಆದ. ‘ಅನಿಮಲ್ ಫಾರ್ಮ್’, ‘1984’ ಓದದವರಿಗೂ ಆತನ ನೆರಳು ಗೊತ್ತು. ನಮ್ಮ ಮನೆಯವರೆಲ್ಲ ಕೂತು ನೋಡುವ ಬಿಗ್ ಬಾಸ್ ಇದೆಯಲ್ಲ, ಅದರ ಮೂಲ ವಿದೇಶಿ ಶೋ ‘ಬಿಗ್ ಬ್ರದರ್’ಗೆ ಹೆಸರು ಸಿಕ್ಕಿದ್ದು ‘1984’ರಿಂದ.

ಆದರೆ ನಾನು ಹೇಳಹೊರಟಿರುವುದು ಆ ಎರಡು ಪುಸ್ತಕಗಳ ಬಗ್ಗೆ ಅಲ್ಲ. ಅವೆರಡನ್ನೂ ಬರೆಯುವ ಮೊದಲು, 1937ರಲ್ಲಿ, ಆತ ಸ್ಪೇನ್ ದೇಶದ ಒಂದು ಸಿನಿಮಾ ಥಿಯೇಟರಿನ ಮಹಡಿ ಮೇಲೆ ಬಂದೂಕು ಹಿಡಿದು ಮೂರು ದಿನ ಕೂತಿದ್ದ. ಆ ಮೂರು ದಿನಗಳ ಬಗ್ಗೆ ಪತ್ರಿಕೆಗಳು ಬರೆದದ್ದನ್ನು ಓದಿದ ಮೇಲೆ ಆತ ಮೊದಲಿನ ಆರ್ವೆಲ್ ಆಗಿ ಉಳಿಯಲಿಲ್ಲ.

ಅಲ್ಲಿಯವರೆಗಿನ ಬದುಕನ್ನು ಬೇಗ ಹೇಳಿ ಮುಗಿಸುತ್ತೇನೆ. ಈಟನ್ ಎಂಬ ಶ್ರೀಮಂತರ ಶಾಲೆಯಲ್ಲಿ ಸ್ಕಾಲರ್‌ಶಿಪ್ ಮೇಲೆ ಓದಿದ. ಕಾಲೇಜಿಗೆ ಹೋಗದೆ 1922ರಲ್ಲಿ ಬರ್ಮಾಕ್ಕೆ ಪೊಲೀಸ್ ಅಧಿಕಾರಿಯಾಗಿ ಹೋದ. ಐದು ವರ್ಷ ಕಳೆಯುವಷ್ಟರಲ್ಲಿ ಸಾಮ್ರಾಜ್ಯದ ಕೆಲಸ ಹೇಸಿಗೆ ಎನಿಸಿ, ಕೈತುಂಬ ಸಂಬಳದ ನೌಕರಿಗೆ ರಾಜೀನಾಮೆ ಕೊಟ್ಟ. ಸರ್ಕಾರಿ ಕೆಲಸಕ್ಕಾಗಿ ವರ್ಷಗಟ್ಟಲೆ ಓದುವ ನಮಗೆ ಇದು ಹುಚ್ಚುತನ ಅನ್ನಿಸಬಹುದು, ಆತನ ಮನೆಯವರಿಗೂ ಹಾಗೇ ಅನ್ನಿಸಿತ್ತು. ಆಮೇಲೆ ಪ್ಯಾರಿಸ್ಸಿನ ಹೋಟೆಲಿನಲ್ಲಿ ಪಾತ್ರೆ ತೊಳೆದ, ಲಂಡನ್ನಿನಲ್ಲಿ ಅಲೆಮಾರಿಗಳ ಜೊತೆ ಮಲಗಿದ, ಅದನ್ನೇ 1933ರಲ್ಲಿ ಪುಸ್ತಕ ಮಾಡಿದ. ಜಾರ್ಜ್ ಆರ್ವೆಲ್ ಎಂಬ ಹೆಸರು ಮೊದಲು ಅಚ್ಚಾದದ್ದು ಆಗಲೇ. 1936ರ ಆರಂಭದಲ್ಲಿ ಉತ್ತರ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಿಗೆ ಇಳಿದು ಕಾರ್ಮಿಕರ ಬದುಕು ನೋಡಿ ಬಂದ. ಆ ಹೊತ್ತಿಗೆ ಆತ ಸಮಾಜವಾದಿ. ತನ್ನ ಪಕ್ಷ ಯಾವುದು ಎಂಬ ಬಗ್ಗೆ ಕೊನೆಯವರೆಗೂ ಆತನಿಗೆ ಅನುಮಾನ ಇರಲಿಲ್ಲ. ಈ ಮಾತು ನೆನಪಿರಲಿ, ಮುಂದಿನ ಕಥೆಗೆ ಇದು ಬೇಕು.

1936ರ ಜುಲೈನಲ್ಲಿ ಸ್ಪೇನಿನ ಚುನಾಯಿತ ಸರ್ಕಾರದ ವಿರುದ್ಧ ಸೇನಾಧಿಕಾರಿಗಳು ದಂಗೆ ಎದ್ದರು. ಅವರ ನಾಯಕನಾಗಿ ಮೇಲೆ ಬಂದವನು ಜನರಲ್ ಫ್ರಾಂಕೋ. ಹಿಟ್ಲರ್ ಮತ್ತು ಮುಸೊಲಿನಿ ಅವನ ಬೆನ್ನಿಗೆ ನಿಂತರು, ಸೋವಿಯತ್ ರಷ್ಯಾ ಸರ್ಕಾರಕ್ಕೆ ಶಸ್ತ್ರಾಸ್ತ್ರ ಕಳಿಸಿತು. ಫ್ಯಾಸಿಸಂ ವಿರುದ್ಧ ಹೋರಾಡಲು ನಾನಾ ದೇಶಗಳಿಂದ ಯುವಕರು ಸ್ಪೇನಿಗೆ ಹೋದರು. ಮದುವೆಯಾಗಿ ಆರು ತಿಂಗಳಾಗಿದ್ದ ಆರ್ವೆಲ್ ಕೂಡ ಡಿಸೆಂಬರಿನಲ್ಲಿ ಬಾರ್ಸಿಲೋನಾಕ್ಕೆ ಬಂದು ಸೈನಿಕನಾದ. ಆತ ಸೇರಿದ್ದು ಪೌಮ್ ಎಂಬ ಸಣ್ಣ ಎಡಪಂಥೀಯ ಪಕ್ಷದ ಪಡೆ. ಈ ಪಕ್ಷಕ್ಕೆ ಸ್ಟಾಲಿನ್ ಕಂಡರೆ ಆಗುತ್ತಿರಲಿಲ್ಲ. ಸೇರುವಾಗ ಆರ್ವೆಲ್‌ಗೆ ಈ ಒಳಜಗಳಗಳೆಲ್ಲ ಅಷ್ಟಾಗಿ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸಕ್ತಿಯೂ ಇರಲಿಲ್ಲ. ಅರಗಾನ್ ಬೆಟ್ಟಗಳ ಮೇಲಿನ ಚಳಿಯಲ್ಲಿ ಶತ್ರುವಿಗಿಂತ ಸೌದೆಯ ಚಿಂತೆಯೇ ದೊಡ್ಡದಾಗಿತ್ತು.

ಏಪ್ರಿಲ್ ಕೊನೆಯಲ್ಲಿ ರಜೆಯ ಮೇಲೆ ಬಾರ್ಸಿಲೋನಾಕ್ಕೆ ಬಂದ. 1937ರ ಮೇ 3ರಂದು ಪೊಲೀಸರು ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ನುಗ್ಗಿದರು. ಅದು ಅರಾಜಕತಾವಾದಿ ಕಾರ್ಮಿಕ ಸಂಘಟನೆಯವರ ಕೈಯಲ್ಲಿತ್ತು. ಗುಂಡಿನ ಸದ್ದು ಕೇಳಿದ್ದೇ ತಡ, ಊರಿನ ಬೀದಿಬೀದಿಗಳಲ್ಲಿ ಕಲ್ಲು ಕಿತ್ತು ಅಡ್ಡಗೋಡೆ ಕಟ್ಟಿದರು. ಫ್ರಾಂಕೋ ವಿರುದ್ಧ ಒಟ್ಟಾಗಿ ಹೋರಾಡಬೇಕಾದವರು ತಮ್ಮತಮ್ಮಲ್ಲೇ ಬಡಿದಾಡಿಕೊಂಡರು. ಪೌಮ್ ಪಕ್ಷವೂ ಕಾರ್ಮಿಕರ ಕಡೆ ನಿಂತಿತು. ಪಕ್ಷದ ಕಚೇರಿಯನ್ನು ಕಾಯಲು, ಎದುರಿನ ಪೋಲಿಯೊರಾಮ ಥಿಯೇಟರಿನ ಮಹಡಿ ಮೇಲೆ ಆರ್ವೆಲ್‌ನನ್ನು ಕೂರಿಸಿದರು. ಕಚೇರಿಯ ಪಕ್ಕದ ಕೆಫೆಯೊಂದರಲ್ಲಿ ಸರ್ಕಾರಿ ಪೊಲೀಸರು ಸೇರಿಕೊಂಡಿದ್ದರು. ನೀವು ಹಾರಿಸದಿದ್ದರೆ ನಾವೂ ಹಾರಿಸುವುದಿಲ್ಲ ಎಂಬ ಒಪ್ಪಂದ ಎರಡೂ ಕಡೆಯವರ ನಡುವೆ ತಾನಾಗಿಯೇ ಆಗಿಹೋಯಿತು. ಬಿಯರ್ ಏನಾದರೂ ಉಳಿದಿದೆಯಾ ಎಂದು ಕೂಗಿ ವಿಚಾರಿಸಿಕೊಳ್ಳುವಷ್ಟು ಸಲಿಗೆ! ಹೆಚ್ಚಿನ ಸಮಯ ಆತ ಅಲ್ಲಿ ಮಾಡಿದ ಕೆಲಸವೆಂದರೆ ಪೆಂಗ್ವಿನ್ ಪುಸ್ತಕಗಳನ್ನು ಓದಿದ್ದು, ಹಸಿದುಕೊಂಡಿದ್ದು, ಬೇಸರಪಟ್ಟಿದ್ದು. ಊರಿನ ಬೇರೆ ಕಡೆ ಮಾತ್ರ ರಕ್ತ ಹರಿಯಿತು. ಸತ್ತವರು 400 ಎಂದು ಅಧಿಕೃತ ಲೆಕ್ಕ ಬಂತು.

ಜಗಳ ತಣ್ಣಗಾದ ಮೇಲೆ ಪತ್ರಿಕೆಗಳು ಬಂದವು. ಕಮ್ಯುನಿಸ್ಟ್ ಪತ್ರಿಕೆಗಳ ಪ್ರಕಾರ ಇದೆಲ್ಲ ಪೌಮ್ ಪಕ್ಷ ಫ್ಯಾಸಿಸ್ಟರ ಅಪ್ಪಣೆಯಂತೆ ನಡೆಸಿದ ಪಿತೂರಿ. ಆ ಪಕ್ಷದವರು ಫ್ರಾಂಕೋನ ಗೂಢಚಾರರು. ಅವರ ಕಟ್ಟಡಗಳಲ್ಲಿ ಹತ್ತಾರು ಮೆಷಿನ್ ಗನ್‌ಗಳು, ಸಾವಿರಾರು ಬಂದೂಕುಗಳು ಸಿಕ್ಕಿವೆ. ಆ ಕಟ್ಟಡವನ್ನೇ ಕಾದು ಕೂತಿದ್ದ ಆರ್ವೆಲ್‌ಗೆ ಗೊತ್ತಿದ್ದಂತೆ ಇದ್ದದ್ದು ಎಂಬತ್ತರಷ್ಟು ಬಂದೂಕು. ಮೆಷಿನ್ ಗನ್ ಒಂದೂ ಇರಲಿಲ್ಲ. ಲಂಡನ್ನಿನ ‘ಡೈಲಿ ವರ್ಕರ್’ ಕೂಡ ಅದೇ ರಾಗ ಹಾಡಿತು. ಬಲಪಂಥೀಯ ಪತ್ರಿಕೆಗಳು ಫ್ರಾಂಕೋ ಪರವಾಗಿ ಸುಳ್ಳು ಬರೆಯುವುದು ಆತನಿಗೆ ಹೊಸದಲ್ಲ. ಆತನ ಹೊಟ್ಟೆ ಉರಿಸಿದ್ದು, ತಾನು ಯಾರ ಪರ ಜೀವ ಕೊಡಲು ಬಂದಿದ್ದನೋ ಆ ಕಡೆಯ ಪತ್ರಿಕೆಗಳೇ ಹಾಗೆ ಬರೆದದ್ದು.

ಮತ್ತೆ ಯುದ್ಧರಂಗಕ್ಕೆ ಹೋದ ಆತನಿಗೆ ಮೇ 20ರಂದು ಗಂಟಲಿಗೆ ಗುಂಡು ಬಿತ್ತು. ಕೂದಲೆಳೆಯಲ್ಲಿ ಬದುಕಿದ, ದನಿ ಮಾತ್ರ ಕುಗ್ಗಿತು. ಆಸ್ಪತ್ರೆಯಿಂದ ಹೊರಬರುವಷ್ಟರಲ್ಲಿ ಪೌಮ್ ಪಕ್ಷವನ್ನು ನಿಷೇಧಿಸಿದ್ದರು. ಅದರ ನಾಯಕ ಆಂದ್ರೇಸ್ ನಿನ್ ಬಂಧನವಾಗಿ, ಆಮೇಲೆ ಕೊಲೆಯಾದ. ಆರ್ವೆಲ್ ಕೆಲವು ರಾತ್ರಿ ಪಾಳು ಜಾಗಗಳಲ್ಲಿ ಮಲಗಿ, ಹೆಂಡತಿ ಐಲೀನ್ ಜೊತೆ ರೈಲು ಹತ್ತಿ ಜೂನ್‌ನಲ್ಲಿ ಫ್ರಾನ್ಸಿಗೆ ಪಾರಾದ. ಮೂರು ವಾರ ಕಳೆದ ಮೇಲೆ, ಜುಲೈ 13ರಂದು, ಇಬ್ಬರನ್ನೂ ಕಟ್ಟಾ ಟ್ರಾಟ್‌ಸ್ಕಿವಾದಿಗಳೆಂದು ದೂರುವ ಕಾಗದವೊಂದು ಅಲ್ಲಿನ ಬೇಹುಗಾರಿಕೆ ನ್ಯಾಯಮಂಡಳಿಗಾಗಿ ತಯಾರಾಯಿತು. ಅದು ಬೆಳಕಿಗೆ ಬಂದದ್ದು ಎಷ್ಟೋ ದಶಕಗಳ ನಂತರ. ತನ್ನ ಹೆಸರು ಅಲ್ಲಿತ್ತೆಂಬುದು ಆರ್ವೆಲ್‌ಗೆ ಸಾಯುವವರೆಗೂ ಗೊತ್ತಾಗಲಿಲ್ಲ.

ಲಂಡನ್ನಿಗೆ ಬಂದು ಕಂಡದ್ದನ್ನು ಬರೆದ. ಎಡಪಂಥೀಯರ ಪ್ರತಿಷ್ಠಿತ ವಾರಪತ್ರಿಕೆ ‘ನ್ಯೂ ಸ್ಟೇಟ್ಸ್‌ಮನ್’ ಆ ಲೇಖನವನ್ನು ಹಾಕಲಿಲ್ಲ. ಬಳಿಕ ಅದೇ ವಿಷಯದ ಪುಸ್ತಕವೊಂದಕ್ಕೆ ಬರೆದ ವಿಮರ್ಶೆಯನ್ನೂ ವಾಪಸ್ ಕಳಿಸಿತು. ಪತ್ರಿಕೆಯ ರಾಜಕೀಯ ನಿಲುವಿಗೆ ಅದು ವಿರುದ್ಧ ಎಂಬುದು ಕಾರಣ. ಬರೆದದ್ದು ಸುಳ್ಳು ಎಂದು ಸಂಪಾದಕ ಕಿಂಗ್‌ಸ್ಲೀ ಮಾರ್ಟಿನ್ ಹೇಳಲಿಲ್ಲ. ಈ ಹೊತ್ತಿನಲ್ಲಿ ಅದು ಶತ್ರುವಿಗೆ ಅನುಕೂಲವಾಗುತ್ತದೆ ಎಂಬ ಹೆದರಿಕೆ. ಆತನ ಪುಸ್ತಕಗಳನ್ನು ಪ್ರಕಟಿಸುತ್ತಿದ್ದ ವಿಕ್ಟರ್ ಗೊಲಾಂಜ್ ಅಂತೂ ಇನ್ನೂ ಬರೆಯದ ಪುಸ್ತಕವನ್ನೇ ಬೇಡ ಎಂದ. ಕೊನೆಗೆ ಬೇರೊಬ್ಬರು 1938ರ ಏಪ್ರಿಲ್‌ನಲ್ಲಿ ‘ಹೋಮೇಜ್ ಟು ಕೆಟಲೋನಿಯಾ’ ಎಂಬ ಹೆಸರಿನಲ್ಲಿ ಅದನ್ನು ಹೊರತಂದರು. ಮುದ್ರಿಸಿದ್ದು 1500 ಪ್ರತಿ. ಹನ್ನೆರಡು ವರ್ಷ ಬಿಟ್ಟು ಆತ ಸತ್ತಾಗಲೂ ಅವು ಪೂರ್ತಿ ಖರ್ಚಾಗಿರಲಿಲ್ಲ. ಎಷ್ಟೋ ವರ್ಷಗಳ ನಂತರವೂ ಹೋಟೆಲೊಂದರಲ್ಲಿ ಆ ಸಂಪಾದಕ ಎದುರಿಗೆ ಕೂತಿದ್ದು ಕಂಡು, ಮುಖ ನೋಡುವುದು ಬೇಡವೆಂದು ಆರ್ವೆಲ್ ಗೆಳೆಯನ ಜೊತೆ ಕುರ್ಚಿ ಬದಲಾಯಿಸಿಕೊಂಡನಂತೆ. ಸಿಟ್ಟು ಅಷ್ಟಿತ್ತು.

ಇಷ್ಟೇ ಆಗಿದ್ದರೆ ಇದು ಮಾಧ್ಯಮದವರನ್ನು ಬೈಯುವ ಇನ್ನೊಂದು ಕಥೆ. ನನಗೆ ಆ ಪುಸ್ತಕ ಹಿಡಿಸಿದ್ದು ಬೇರೆ ಕಾರಣಕ್ಕೆ. ಪತ್ರಿಕೆಗಳ ವರದಿಗಳನ್ನು ಸಾಲು ಸಾಲಾಗಿ ಬಿಡಿಸಿ, ಒಂದರ ಜೊತೆ ಇನ್ನೊಂದನ್ನು ಹೋಲಿಸಿ, ಎಲ್ಲಿ ತಾಳೆಯಾಗುವುದಿಲ್ಲ ಎಂದು ತೋರಿಸಿದ ಮೇಲೆ ಆರ್ವೆಲ್ ಓದುಗನ ಕಡೆ ತಿರುಗುತ್ತಾನೆ. ನಾನೂ ಒಂದು ಪಕ್ಷದವನೇ, ಇಡೀ ಘಟನೆಯ ಒಂದು ಮೂಲೆಯನ್ನು ಮಾತ್ರ ಕಂಡವನು, ನನ್ನ ಬರಹದಲ್ಲೂ ತಪ್ಪಿರುತ್ತದೆ, ಹುಷಾರಾಗಿ ಓದು ಎಂಬರ್ಥದ ಮಾತು ಹೇಳುತ್ತಾನೆ. ಬೇರೆಯವರ ಪುಸ್ತಕಕ್ಕೂ ಅದೇ ಎಚ್ಚರ ಇರಲಿ ಎನ್ನುತ್ತಾನೆ. ಮೊದಲ ವರ್ಷದ ಲ್ಯಾಬ್‌ನಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟಾಗ ನಮಗೆ ಮೊದಲು ಹೇಳಿಕೊಡುವುದು ಝೀರೋ ಎರರ್ ನೋಡಿ ಬರೆದುಕೊಳ್ಳಲು. ಉಪಕರಣದಲ್ಲಿ ದೋಷ ಇದ್ದೇ ಇರುತ್ತದೆ, ಅದಕ್ಕಾಗಿ ಯಾರೂ ಅದನ್ನು ಎಸೆಯುವುದಿಲ್ಲ. ದೋಷ ಎಷ್ಟೆಂದು ತಿಳಿದು ಕಳೆದುಕೊಂಡರೆ ಅಳತೆ ಸರಿ ಬರುತ್ತದೆ. ರಾಜಕೀಯದ ಬಗ್ಗೆ ಬರೆಯುವವನೊಬ್ಬ ತನ್ನ ಝೀರೋ ಎರರ್ ಅನ್ನು ತಾನೇ ಬರೆದುಕೊಟ್ಟದ್ದನ್ನು ನಾನು ಅದಕ್ಕೂ ಮೊದಲು ಓದಿರಲಿಲ್ಲ.

ಒಳ್ಳೆಯ ಪುಸ್ತಕದ ಮಧ್ಯೆ ಪೇಪರ್ ಕಟಿಂಗ್‌ಗಳನ್ನು ತುರುಕಿ ಕೆಡಿಸಿದೆ ಎಂದು ವಿಮರ್ಶಕನೊಬ್ಬ ಆಕ್ಷೇಪಿಸಿದ್ದ. ಅದು ನಿಜವೆಂದು ಆರ್ವೆಲ್ ಒಪ್ಪಿಕೊಂಡ. ಆದರೂ ತೆಗೆಯಲು ಸಿದ್ಧನಿರಲಿಲ್ಲ. ತಪ್ಪು ಮಾಡದವರ ಮೇಲೆ ದ್ರೋಹದ ಆರೋಪ ಹೊರಿಸಿದ್ದರು, ಅದು ಇಂಗ್ಲೆಂಡಿನಲ್ಲಿ ಬಹಳ ಕಡಿಮೆ ಜನರಿಗೆ ಗೊತ್ತಿತ್ತು, ತನಗೆ ಗೊತ್ತಿತ್ತು. ಆ ಸಿಟ್ಟಿಲ್ಲದಿದ್ದರೆ ಪುಸ್ತಕವನ್ನೇ ಬರೆಯುತ್ತಿರಲಿಲ್ಲ ಎಂಬುದು ಆತನ ಸಮರ್ಥನೆ.

ಸ್ಪೇನ್ ಬಗ್ಗೆ ಮುಂದೆ ಬರೆದ ಪ್ರಬಂಧದಲ್ಲಿ ಇನ್ನೊಂದು ಸೂಕ್ಷ್ಮ ಗಮನಿಸುತ್ತಾನೆ. ಯುದ್ಧದಲ್ಲಿ ನಡೆದ ಕ್ರೌರ್ಯದ ಸುದ್ದಿಗಳನ್ನು ಜನ ನಂಬುವುದು ಬಿಡುವುದು ಸಾಕ್ಷ್ಯದ ಮೇಲಲ್ಲ. ಎದುರು ಪಕ್ಷದವರು ಮಾಡಿದ್ದರೆ ನಂಬುತ್ತಾರೆ, ತಮ್ಮವರು ಮಾಡಿದ್ದರೆ ಸುಳ್ಳು ಎನ್ನುತ್ತಾರೆ. ರಾಜಕೀಯ ಬದಲಾದರೆ ಅದೇ ಸುದ್ದಿಯನ್ನು ನಂಬುವವರೂ ಅದಲುಬದಲಾಗುತ್ತಾರೆ. ಚುನಾವಣೆ ಹೊತ್ತಿನಲ್ಲಿ ನಮ್ಮ ಹಾಸ್ಟೆಲ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದನ್ನೇ ನೋಡಬಹುದು. ತಮಗಾಗದ ವಿಡಿಯೊ ಬಂದರೆ ‘ಮಗಾ, ಫೇಕ್ ಇದು, ಸೋರ್ಸ್ ಕೊಡು’. ತಮಗೆ ಬೇಕಾದ್ದು ಬಂದರೆ ಸೋರ್ಸ್ ಕೇಳದೆ ಮೂರು ಗುಂಪಿಗೆ ಫಾರ್ವರ್ಡ್. ಎಲ್ಲ ಚಾನೆಲ್‌ಗಳೂ ಮಾರಿಕೊಂಡಿವೆ ಎಂದು ಬೈಯುವವರೂ ಇವರೇ. ಮಾರಿಕೊಂಡಿದ್ದಾರೆ ಎನ್ನುವುದು ಸುಲಭ. ಹಾಗೆಂದು ಪೇಪರ್ ಓದುವುದನ್ನು ಆರ್ವೆಲ್ ಬಿಟ್ಟವನಲ್ಲ. ತನಗಾಗದ ಪತ್ರಿಕೆಗಳನ್ನೂ ಓದಿ, ಕತ್ತರಿಸಿ ಇಟ್ಟುಕೊಳ್ಳುತ್ತಿದ್ದವನು.

1941ರ ಆಗಸ್ಟ್‌ನಿಂದ ಎರಡು ವರ್ಷ ಆತನೇ ಮಾಧ್ಯಮದ ಒಳಗೆ ಕೂತ. ಬಿಬಿಸಿಯ ಭಾರತೀಯ ವಿಭಾಗದಲ್ಲಿ ಕೆಲಸ. ಯುದ್ಧಕಾಲದಲ್ಲಿ ಭಾರತದ ಕೇಳುಗರನ್ನು ಬ್ರಿಟನ್ ಕಡೆ ಒಲಿಸಿಕೊಳ್ಳುವ ಪ್ರಸಾರ ಅದು. ಮುಲ್ಕ್ ರಾಜ್ ಆನಂದ್ ಅವರಂಥ ಲೇಖಕರನ್ನು ಕರೆಸಿ ಮಾತನಾಡಿಸಿದ. ಭಾರತಕ್ಕೆ ಸ್ವಾತಂತ್ರ್ಯ ಸಿಗಬೇಕು ಎಂದು ನಂಬಿದ್ದವನು 1942ರಲ್ಲಿ, ನಮ್ಮ ನಾಯಕರೆಲ್ಲ ಜೈಲಿನಲ್ಲಿದ್ದಾಗ, ಬ್ರಿಟಿಷ್ ಸರ್ಕಾರದ ದನಿಯಾಗಿ ಕೂತಿದ್ದ. ಅದು ಪ್ರಚಾರವೇ ಎಂದು ಆತನಿಗೆ ಗೊತ್ತಿತ್ತು. ಆ ಭಾಷಣಗಳನ್ನು 1943ರಲ್ಲಿ ಪುಸ್ತಕವಾಗಿಸಿದಾಗ ಎದುರಾಳಿಯ ದನಿಗೂ ಜಾಗ ಕೊಟ್ಟು, ಸುಭಾಷ್‌ಚಂದ್ರ ಬೋಸರ ರೇಡಿಯೊ ಭಾಷಣವೊಂದನ್ನೂ ಸೇರಿಸಿದ. ಕೊನೆಗೆ, ಭಾರತದಲ್ಲಿ ಇದನ್ನು ಕೇಳುವವರೇ ಇಲ್ಲ ಎನಿಸಿ ಕೆಲಸ ಬಿಟ್ಟ.

ಯುದ್ಧದ ವರ್ಷಗಳಲ್ಲಿ ಅಮೆರಿಕದ ‘ಪಾರ್ಟಿಸನ್ ರಿವ್ಯೂ’ ಪತ್ರಿಕೆಗೆ ಲಂಡನ್ನಿನಿಂದ ರಾಜಕೀಯ ವರದಿ ಬರೆಯುತ್ತಿದ್ದ. 1944ರ ಕೊನೆಗೆ, ಯಾರೂ ಒತ್ತಾಯಿಸದೆ, ಹಿಂದಿನ ತನ್ನ ವರದಿಗಳನ್ನೆಲ್ಲ ಮತ್ತೆ ಓದಿ, ಯಾವ ಭವಿಷ್ಯವಾಣಿ ಸುಳ್ಳಾಯಿತು, ಏಕೆ ಸುಳ್ಳಾಯಿತು ಎಂದು ಅದೇ ಓದುಗರಿಗೆ ಬರೆದ. ಬ್ರಿಟನ್ ಸಮಾಜವಾದಿಯಾಗದೆ ಯುದ್ಧ ಗೆಲ್ಲಲಾರದು ಎಂದು ಹೇಳಿದ್ದವನು ಆತ. ಅದು ಬರೀ ತನ್ನ ಆಸೆಯಾಗಿತ್ತು ಎಂದು ಒಪ್ಪಿಕೊಂಡ. ದಿನವೂ ರಾತ್ರಿ ಒಂಬತ್ತಕ್ಕೆ ಟಿ.ವಿ.ಯಲ್ಲಿ ಕಿರುಚುವ ಯಾವ ಪಂಡಿತರಾದರೂ ಹೀಗೆ ಒಂದು ಸಲ ಮಾಡಿದರೆ ನಾನಂತೂ ಕೂತು ನೋಡುತ್ತೇನೆ.

‘ಅನಿಮಲ್ ಫಾರ್ಮ್’ ಕಥೆಯೂ ಸ್ಪೇನಿನಂಥದ್ದೇ. ಸ್ಟಾಲಿನ್ ಆಗ ಬ್ರಿಟನ್ನಿನ ಮಿತ್ರ, ಹಾಗಾಗಿ 1944ರಲ್ಲಿ ಪ್ರಕಾಶಕರು ಒಬ್ಬರ ಹಿಂದೆ ಒಬ್ಬರು ಬೇಡವೆಂದರು. ಕವಿ ಟಿ.ಎಸ್. ಎಲಿಯಟ್ ಇದ್ದ ಸಂಸ್ಥೆಯೂ ಬೇಡವೆಂದಿತು. ಜೊನಾಥನ್ ಕೇಪ್ ಎಂಬ ಪ್ರಕಾಶಕ ಹಿಂಜರಿದದ್ದು ಪೀಟರ್ ಸ್ಮೊಲೆಟ್ ಎಂಬ ಸರ್ಕಾರಿ ಅಧಿಕಾರಿಯ ಸಲಹೆಯಿಂದ. ಆತ ರಷ್ಯಾದ ಏಜೆಂಟ್ ಎಂದು ಆಮೇಲೆ ಬಯಲಾಯಿತು! ಪುಸ್ತಕ ಕೊನೆಗೂ 1945ರ ಆಗಸ್ಟ್‌ನಲ್ಲಿ ಬಂತು. ಅದಕ್ಕೆ ಬರೆದ ಮುನ್ನುಡಿ ಅಚ್ಚಾಗಲಿಲ್ಲ, 1972ರಲ್ಲಷ್ಟೇ ಬೆಳಕು ಕಂಡಿತು. ಇಂಗ್ಲೆಂಡಿನಲ್ಲಿ ಸುದ್ದಿ ಮುಚ್ಚಿಹಾಕಲು ಸರ್ಕಾರದ ನಿಷೇಧ ಬೇಕಿಲ್ಲ, ಸಂಪಾದಕರೂ ಬುದ್ಧಿಜೀವಿಗಳೂ ತಾವಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬುದು ಅದರ ಸಾರ.

ಆತನನ್ನು ದೇವರು ಮಾಡುವ ಹಾಗೂ ಇಲ್ಲ. 1949ರ ಮೇ ತಿಂಗಳಲ್ಲಿ, ಕ್ಷಯ ಬಲಿತು ಸ್ಯಾನಿಟೋರಿಯಂನಲ್ಲಿದ್ದಾಗ, ಬ್ರಿಟಿಷ್ ವಿದೇಶಾಂಗ ಇಲಾಖೆಯ ಪ್ರಚಾರ ವಿಭಾಗಕ್ಕೆ 38 ಜನರ ಪಟ್ಟಿ ಕಳಿಸಿದ. ಇವರು ಕಮ್ಯುನಿಸ್ಟ್ ಒಲವಿನವರು, ಇವರಿಂದ ಲೇಖನ ಬರೆಸಬೇಡಿ ಎಂಬ ಪಟ್ಟಿ. ಸ್ಮೊಲೆಟ್ ಹೆಸರೂ ಅದರಲ್ಲಿತ್ತು, ಆ ಊಹೆ ಸರಿಯೇ ಇತ್ತು. ಅದು ಬರೀ ಸಲಹೆ, ಯಾರನ್ನೂ ಜೈಲಿಗೆ ಹಾಕಿಸಲು ಅಲ್ಲ ಎಂದು ಆತನ ಪರ ವಾದಿಸುವವರಿದ್ದಾರೆ. ನನಗೆ ಆ ವಾದ ಸಮಾಧಾನ ಕೊಡುವುದಿಲ್ಲ. ತಮ್ಮ ಬಗ್ಗೆ ಏನು ಬರೆದಿದ್ದಾರೆಂದು ತಿಳಿಯದ, ಉತ್ತರ ಕೊಡಲು ಅವಕಾಶವಿಲ್ಲದ ಜನರ ಹೆಸರು ಅಲ್ಲಿದ್ದವು. ವಲೆನ್ಸಿಯಾದ ಆ ಕಾಗದದಲ್ಲಿ ಆತನ ಹೆಸರು ಇದ್ದ ಹಾಗೆಯೇ.

ಅದೇ ಜೂನ್‌ನಲ್ಲಿ ‘1984’ ಪ್ರಕಟವಾಯಿತು. 1950ರ ಜನವರಿ 21ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ಆರ್ವೆಲ್ ತೀರಿಕೊಂಡ. ವಯಸ್ಸು 46. ಖರ್ಚಾಗದ ಆ ಸ್ಪೇನ್ ಪುಸ್ತಕಕ್ಕೆ ಆತ ತಿದ್ದುಪಡಿಗಳ ಒಂದು ಪಟ್ಟಿ ಬರೆದಿಟ್ಟಿದ್ದ. ಅದರಲ್ಲೊಂದು ಥಿಯೇಟರಿನ ಮಹಡಿಯಿಂದ ಕಂಡ ಆ ಪೊಲೀಸರ ಬಗ್ಗೆ. ಅವರನ್ನು ಪುಸ್ತಕದುದ್ದಕ್ಕೂ ಸಿವಿಲ್ ಗಾರ್ಡ್ ಎಂದು ಬರೆದಿದ್ದೆ, ಅವರು ಅಸಾಲ್ಟ್ ಗಾರ್ಡ್ ಎಂಬ ಬೇರೆ ಪಡೆಯವರು, ಸಮವಸ್ತ್ರ ನೋಡಿ ಮೋಸಹೋದೆ, ಮುಂದಿನ ಮುದ್ರಣದಲ್ಲಿ ಸರಿಪಡಿಸಿ ಎಂಬುದು ಅದರ ತಾತ್ಪರ್ಯ. ಮೂರು ದಿನ ಕಣ್ಣಾರೆ ಕಂಡವರ ಬಗ್ಗೆ ಈ ತಿದ್ದುಪಡಿ. ಇಂಗ್ಲಿಷ್ ಆವೃತ್ತಿಯಲ್ಲಿ ಅದು ಅಚ್ಚಾದದ್ದು 1980ರ ದಶಕದಲ್ಲಿ.