ಬಸ್ಸಿನಲ್ಲಿ ಕೇಳಿದ ಹಾಡು ಬರೆದವರು ಯಾರು?

ಅಜ್ಜಂಪುರದ ನಮ್ಮ ಮನೆಯಿಂದ ತರೀಕೆರೆಗೋ ಕಡೂರಿಗೋ ಬಸ್ ಹತ್ತಿದರೆ ಡಾ. ರಾಜ್‌ಕುಮಾರ್ ಹಾಡು ಗ್ಯಾರಂಟಿ. ಹಾಡಿದವರು ಎಲ್ಲರಿಗೂ ಗೊತ್ತು. ಬರೆದವರು? ಬಹಳ ಸಲ ಉತ್ತರ ಒಂದೇ: ಚಿ. ಉದಯಶಂಕರ್.

ಈ ಪ್ರಶ್ನೆ ನನಗೆ ಹುಟ್ಟಿದ್ದು ಪೆಟ್ಟು ತಿಂದ ಮೇಲೆ. ಬಿಇ ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಆಲ್ಬಂಗೆ ಹಾಡು ಬರೆದುಕೊಟ್ಟೆ. 2,000 ರೂಪಾಯಿ ಕೈಗಿಟ್ಟು ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಖುಷಿಯಲ್ಲಿ ಓದದೇ ಹಾಕಿದೆ. ಹಾಡು ಯೂಟ್ಯೂಬಿಗೆ ಬಂದಾಗ ನನ್ನ ಹೆಸರೇ ಇರಲಿಲ್ಲ. ಅಮ್ಮನಿಗೆ ತೋರಿಸಲು ಮೊಬೈಲ್ ಹಿಡಿದು ನಿಂತಿದ್ದವನು ಸುಮ್ಮನೆ ಜೇಬಿಗಿಟ್ಟುಕೊಂಡೆ.

ಆಮೇಲೆ ಉದಯಶಂಕರ್ ಬಗ್ಗೆ ಓದಿದೆ. ಹುಟ್ಟಿದ್ದು 1934ರಲ್ಲಿ. ತಂದೆ ಚಿ. ಸದಾಶಿವಯ್ಯ ಕೂಡ ಸಿನಿಮಾ ಸಾಹಿತಿ. 1963ರ ‘ಸಂತ ತುಕಾರಾಂ’ ಚಿತ್ರದಿಂದ ಶುರುವಾದ ಲೇಖನಿ ಮೂವತ್ತು ವರ್ಷ ನಿಲ್ಲಲಿಲ್ಲ. ಆಗ ಕನ್ನಡ ಚಿತ್ರಗಳ ಕೆಲಸ ಬಹುಪಾಲು ಮದ್ರಾಸಿನಲ್ಲಿ. ಟ್ಯೂನಿನ ಅಳತೆಗೆ ಮಾತು ಕೂರಿಸುವುದರಲ್ಲಿ ಇವರು ನಿಸ್ಸೀಮರು. ‘ಕಸ್ತೂರಿ ನಿವಾಸ’ಕ್ಕೆ ಸಂಭಾಷಣೆಯನ್ನೂ ಬರೆದರು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ರಾಜ್ ಹಾಡುವ ಹಾಡು ಇವರದೇ. ಅದಾದ ಮೇಲೆಯೇ ರಾಜ್ ತಮ್ಮ ಪಾತ್ರಗಳಿಗೆ ತಾವೇ ಹಾಡುವುದು ರೂಢಿಯಾಯಿತು. ಸುಮಾರು 3,000 ಹಾಡು ಬರೆದ ಉದಯಶಂಕರ್ 1993ರಲ್ಲಿ ತೀರಿಕೊಂಡಾಗ ಅರವತ್ತೂ ತುಂಬಿರಲಿಲ್ಲ.

ಅವರ ಕಾಲದ ಕಾನೂನು ಬರಹಗಾರರ ಪರ ಇರಲಿಲ್ಲ. ಹಣ ಕೊಟ್ಟು ಬರೆಸಿದ ಚಿತ್ರಗೀತೆಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕರೇ ಮೊದಲ ಒಡೆಯರು ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿರ್ಮಾಪಕರು ಹಕ್ಕನ್ನು ಕ್ಯಾಸೆಟ್ ಕಂಪನಿಗೆ ಮಾರಬಹುದಿತ್ತು. ಕ್ಯಾಸೆಟ್ ಎಷ್ಟೇ ಖರ್ಚಾದರೂ ಸಾಹಿತಿಗೆ ಪಾಲು ಕೊಡಲೇಬೇಕೆಂಬ ಕಟ್ಟಳೆ ಇರಲಿಲ್ಲ.

2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿಯಾಯಿತು. ಈಗ ಚಿತ್ರಗೀತೆಯ ಹಕ್ಕು ಮಾರಿದರೂ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆಡೆ ಹಾಡು ಬಳಕೆಯಾದರೆ ಬರೆದವರಿಗೆ ರಾಯಲ್ಟಿಯಲ್ಲಿ ಸಮಪಾಲು. ಸಿನಿಮಾದ್ದಲ್ಲದ ಆಲ್ಬಂ ಹಾಡಿಗೂ ಈ ಪಾಲು ಉಂಟು. ಅದನ್ನು ವಾರಸುದಾರರಿಗೆ ಅಥವಾ ರಾಯಲ್ಟಿ ಸಂಗ್ರಹಿಸುವ ಕಾಪಿರೈಟ್ ಸಂಸ್ಥೆಗೆ ಬಿಟ್ಟು ಯಾರಿಗೂ ಬರೆದುಕೊಡುವಂತಿಲ್ಲ. 1969ರಿಂದ ಇರುವ ಐಪಿಆರ್‌ಎಸ್ ಅಂಥ ಸಂಸ್ಥೆ. ಸದಸ್ಯರಾಗಿ ಹಾಡುಗಳನ್ನು ನೋಂದಾಯಿಸಿದರೆ ಹಣ ಸಂಗ್ರಹಿಸಿ ಹಂಚುತ್ತದೆ. ಸಾಹಿತ್ಯದ ಕಾಪಿರೈಟ್ ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಲೆಕ್ಕ ಹಾಕಿದರೆ ಉದಯಶಂಕರ್ ಸಾಲುಗಳಿಗೆ 2053ರ ಕೊನೆಯವರೆಗೆ.

ಕ್ಯಾಂಪಸ್ ಇಂಟರ್‌ವ್ಯೂಗೆ ಓದುತ್ತಲೇ ಈಗ ಇನ್ನೊಂದು ಹಾಡು ಬರೆಯುತ್ತಿದ್ದೇನೆ. ಗೆಳೆಯರೇ, ಹಾಡಿರಲಿ, ಆ್ಯಪ್ ಇರಲಿ, ಸಹಿ ಹಾಕುವ ಮುನ್ನ ಹಾಳೆ ಓದಿ. ನಾನಂತೂ ಈ ಸಲ ಹೆಸರು, ಪಾಲು ಎರಡನ್ನೂ ಬರೆಸಿಕೊಂಡೇ ಪೆನ್ನು ತೆಗೆಯುತ್ತೇನೆ.